ಅಮೆರಿಕದ ಫೆಡರಲ್ ಟ್ಯಾಕ್ಸ್ ರಿಟರ್ನ್: ಡಿಡಕ್ಷನ್ ಆಮೇಲೆ, ಮೊದಲು ಆದಾಯ ಸರಿಯಾಗಿ ಎಣಿಸಿ

ಫೆಬ್ರವರಿ ಬಂತೆಂದರೆ ನಮ್ಮ ಕನ್ನಡ ಕೂಟದ ವಾಟ್ಸಾಪ್ ಗುಂಪಿನಲ್ಲಿ ಒಂದೇ ಪ್ರಶ್ನೆ: "ಡಿಡಕ್ಷನ್ ಏನೇನು ತೋರಿಸಬಹುದು?" ಊರಲ್ಲಿ ಕೆಲಸ ಮಾಡಿ ಬಂದವರಿಗೆ ಇದು ಸಹಜ. ಅಲ್ಲಿ ಜನವರಿಯಲ್ಲಿ ಆಫೀಸಿನವರು ದಾಖಲೆ ಕೇಳುತ್ತಾರೆ, ನಾವು ಎಲ್‌ಐಸಿ ರಸೀದಿ, ಪಿಪಿಎಫ್ ಪಾಸ್‌ಬುಕ್, ಬಾಡಿಗೆ ಚೀಟಿ ಎಲ್ಲ ಹುಡುಕಿ 80ಸಿ ತುಂಬಿಸುತ್ತೇವೆ. ಇಲ್ಲಿ 80ಸಿ ಇಲ್ಲ. ಎಲ್‌ಐಸಿ ಕಂತು, ಪಿಪಿಎಫ್, ಅಪ್ಪ ಅಮ್ಮನಿಗೆ ಕಳಿಸಿದ ದುಡ್ಡು, ಎಚ್‌-1ಬಿ ವಕೀಲರ ಫೀಸು, ಕೆಲಸಕ್ಕಾಗಿ ಮನೆ ಬದಲಿಸಿದ ಖರ್ಚು, ಯಾವುದೂ ಸಂಬಳದವರ ರಿಟರ್ನಿನಲ್ಲಿ ಕಳೆಯುವುದಿಲ್ಲ.

ನಾನು ಹನ್ನೆರಡು ವರ್ಷದಿಂದ ಇಲ್ಲಿ ರಿಟರ್ನ್ ಹಾಕುತ್ತಿದ್ದೇನೆ, ಹೊಸದಾಗಿ ಬಂದ ಗೆಳೆಯರ ಜೊತೆ ಕೂತು ಅವರದ್ದೂ ನೋಡಿದ್ದೇನೆ. ಡಿಡಕ್ಷನ್ ಬಿಟ್ಟುಹೋಗಿ ದುಡ್ಡು ಕಳೆದುಕೊಂಡವರು ಕಡಿಮೆ. ಆದಾಯದ ಸಾಲುಗಳಲ್ಲಿ ತಪ್ಪು ಮಾಡಿದವರೇ ಜಾಸ್ತಿ. ಕೆಲವರು ಊರಿನ ಬಡ್ಡಿ ಬಿಟ್ಟಿರುತ್ತಾರೆ. ಕೆಲವರು ಒಂದೇ ಆದಾಯಕ್ಕೆ ಎರಡು ಸಲ ತೆರಿಗೆ ಕಟ್ಟಿರುತ್ತಾರೆ. ಅದಕ್ಕೇ ಇಲ್ಲಿ ಆದಾಯದ ಬಗ್ಗೆ ಜಾಸ್ತಿ ಬರೆಯುತ್ತೇನೆ. ಅಂಕಿಗಳೆಲ್ಲ 2025ರ ವರ್ಷದ್ದು, ಅಂದರೆ 2026ರ ಏಪ್ರಿಲ್ 15ರೊಳಗೆ ಹಾಕುವ ರಿಟರ್ನಿನದ್ದು.

ನೀವು ಯಾವ ಫಾರ್ಮಿನವರು?

ರೆಸಿಡೆಂಟ್ ಆಗಿದ್ದರೆ 1040, ಅಲ್ಲದಿದ್ದರೆ 1040-ಎನ್‌ಆರ್. ಇದು ವೀಸಾದ ಹೆಸರಿನ ಮೇಲಲ್ಲ, ದಿನಗಳ ಲೆಕ್ಕದ ಮೇಲೆ ನಿಂತಿದೆ. 2025ರಲ್ಲಿ ಇಲ್ಲಿದ್ದ ದಿನಗಳು ಪೂರ್ತಿ, 2024ರದ್ದರಲ್ಲಿ ಮೂರನೇ ಒಂದು ಭಾಗ, 2023ರದ್ದರಲ್ಲಿ ಆರನೇ ಒಂದು ಭಾಗ, ಮೂರನ್ನೂ ಕೂಡಿಸಿ 183 ಮುಟ್ಟಿದರೆ, ಮತ್ತು 2025ರಲ್ಲೇ ಕನಿಷ್ಠ 31 ದಿನ ಇಲ್ಲಿದ್ದರೆ, ನೀವು ರೆಸಿಡೆಂಟ್. ಎಫ್‌-1 ವಿದ್ಯಾರ್ಥಿಗಳಿಗೆ ಸಾಮಾನ್ಯವಾಗಿ ಮೊದಲ ಐದು ಕ್ಯಾಲೆಂಡರ್ ವರ್ಷ ಈ ದಿನಗಳನ್ನು ಎಣಿಸುವುದಿಲ್ಲ, ಹಾಗಾಗಿ ಅವರು 1040-ಎನ್‌ಆರ್ ಹಾಕಬೇಕು. ಎಂಎಸ್ ಮಾಡುತ್ತಿರುವ ನಮ್ಮ ಹುಡುಗರು ಆತುರದಲ್ಲಿ ಸಾಮಾನ್ಯ ಸಾಫ್ಟ್‌ವೇರ್ ತೆರೆದು 1040 ಹಾಕಿಬಿಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ನಾನ್‌ರೆಸಿಡೆಂಟ್‌ಗಳಿಗೆ ಸ್ಟ್ಯಾಂಡರ್ಡ್ ಡಿಡಕ್ಷನ್ (ಖರ್ಚಿನ ಚೀಟಿ ಇಲ್ಲದೆ ಆದಾಯದಿಂದ ಕಳೆಯಬಹುದಾದ ನಿಗದಿತ ಮೊತ್ತ) ಸಾಮಾನ್ಯವಾಗಿ ಸಿಗುವುದಿಲ್ಲ, ಆದರೆ ಭಾರತದ ವಿದ್ಯಾರ್ಥಿಗಳಿಗೆ ಸಿಗುತ್ತದೆ. ಭಾರತ-ಅಮೆರಿಕ ತೆರಿಗೆ ಒಪ್ಪಂದದ 21ನೇ ವಿಧಿಯ ಎರಡನೇ ಭಾಗದಲ್ಲಿ ಅದು ಇದೆ. ಬೇರೆ ದೇಶದ ಸಹಪಾಠಿ "ನನಗೆ ಸಿಗಲ್ಲ, ನಿನಗೂ ಸಿಗಲ್ಲ" ಎಂದರೆ ನಂಬಬೇಡಿ.

ಇನ್ನೊಂದು ವ್ಯತ್ಯಾಸ ದೊಡ್ಡದು. ನಾನ್‌ರೆಸಿಡೆಂಟ್ ಆಗಿರುವವರೆಗೆ ಊರಿನ ಎಫ್‌ಡಿ ಬಡ್ಡಿಯ ಗೊಡವೆ ಇಲ್ಲ. ರೆಸಿಡೆಂಟ್ ಆದ ಮೇಲೆ ಪ್ರಪಂಚದ ಯಾವ ಮೂಲೆಯಲ್ಲಿ ಬಂದ ಆದಾಯವಾದರೂ ಇಲ್ಲಿ ತೋರಿಸಬೇಕು. ಮುಂದೆ ಹೇಳುವುದೆಲ್ಲ ಈ ರೆಸಿಡೆಂಟ್‌ಗಳಿಗೆ.

ಸಂಬಳ: ಡಬ್ಲ್ಯೂ-2ರ ಒಂದನೇ ಬಾಕ್ಸ್

ಆಫರ್ ಲೆಟರಿನಲ್ಲಿರುವ ಸಂಬಳ ಬೇರೆ, ಡಬ್ಲ್ಯೂ-2ರ (ವರ್ಷದ ಸಂಬಳ ಮತ್ತು ಹಿಡಿದ ತೆರಿಗೆ ತೋರಿಸಿ ಆಫೀಸಿನವರು ಕೊಡುವ ಫಾರ್ಮ್) ಒಂದನೇ ಬಾಕ್ಸಿನ ಅಂಕಿ ಬೇರೆ. ಸಂಬಳದಿಂದ ಸಾಂಪ್ರದಾಯಿಕ 401(ಕೆ) ಅನ್ನುವ ನಿವೃತ್ತಿ ಉಳಿತಾಯಕ್ಕೆ ಹೋದದ್ದು, ಆಫೀಸಿನ ಹೆಲ್ತ್ ಇನ್ಶೂರೆನ್ಸ್ ಕಂತು, ಸಂಬಳದ ಮೂಲಕ ಎಚ್‌ಎಸ್‌ಎ ಅನ್ನುವ ಆಸ್ಪತ್ರೆ ಖರ್ಚಿನ ಉಳಿತಾಯ ಖಾತೆಗೆ ಹೋದದ್ದು, ಎಲ್ಲ ಮೊದಲೇ ಕಳೆದು ಉಳಿದದ್ದು ಅಲ್ಲಿ ಬರುತ್ತದೆ. ಅಂದರೆ ಅದರ ತೆರಿಗೆ ಲಾಭ ಆಗಲೇ ಸಿಕ್ಕಿದೆ. ಅದನ್ನೇ ಮತ್ತೆ ಡಿಡಕ್ಷನ್ ಅಂತ ಹಾಕುವಂತಿಲ್ಲ. 2025ರಲ್ಲಿ 50 ವರ್ಷದೊಳಗಿನವರು 401(ಕೆ)ಗೆ 23,500 ಡಾಲರ್‌ವರೆಗೆ ಹಾಕಬಹುದಿತ್ತು. ನನ್ನ ಕೇಳಿದರೆ ಸಂಬಳದವರಿಗೆ ಇರುವ ನಿಜವಾದ ದೊಡ್ಡ ಡಿಡಕ್ಷನ್ ಇದೇ, ಮತ್ತು ಡಿಸೆಂಬರ್ 31 ದಾಟಿದ ಮೇಲೆ ಆ ವರ್ಷಕ್ಕೆ ಇದನ್ನು ಮಾಡಲು ಆಗುವುದಿಲ್ಲ.

ಒಂದನೇ ಮತ್ತು ಮೂರನೇ ಬಾಕ್ಸಿನ ಅಂಕಿ ಬೇರೆ ಇದೆ ಅಂತ ಗಾಬರಿ ಬೇಡ. 401(ಕೆ)ಗೆ ಹೋದ ದುಡ್ಡಿನ ಮೇಲೂ ಸೋಷಿಯಲ್ ಸೆಕ್ಯುರಿಟಿ ತೆರಿಗೆ ಇರುತ್ತದೆ, ಅದಕ್ಕೇ ಆ ವ್ಯತ್ಯಾಸ.

ಆರ್‌ಎಸ್‌ಯು: ಎರಡು ಸಲ ತೆರಿಗೆ ಕಟ್ಟುವ ಜಾಗ

ಇಲ್ಲಿ ನಿಧಾನವಾಗಿ ಓದಿ. ಆರ್‌ಎಸ್‌ಯು ಅಂದರೆ ಕಂಪನಿ ಸಂಬಳದ ಭಾಗವಾಗಿ ಕೊಡುವ ಷೇರು. ಅದು ನಿಮ್ಮ ಕೈಗೆ ಬಂದ ದಿನ, ಆ ದಿನದ ಬೆಲೆ ಪೂರ್ತಿ ಸಂಬಳವೇ. ಅದು ಆಗಲೇ ಡಬ್ಲ್ಯೂ-2ರ ಒಂದನೇ ಬಾಕ್ಸಿನಲ್ಲಿ ಸೇರಿರುತ್ತದೆ. ಆಮೇಲೆ ನೀವು ಷೇರು ಮಾರುತ್ತೀರಿ. ಬ್ರೋಕರ್ 1099-ಬಿ ಅನ್ನುವ ಮಾರಾಟದ ವರದಿ ಕಳಿಸುತ್ತಾನೆ. ಅದರಲ್ಲಿ ಮಾರಿದ ಬೆಲೆ ಇರುತ್ತದೆ, ಆದರೆ ಕಾಸ್ಟ್ ಬೇಸಿಸ್, ಅಂದರೆ ಕೊಂಡ ಬೆಲೆಯ ಜಾಗದಲ್ಲಿ ಎಷ್ಟೋ ಸಲ ಸೊನ್ನೆ ಇರುತ್ತದೆ ಅಥವಾ ಖಾಲಿ ಇರುತ್ತದೆ. ಅದನ್ನು ಹಾಗೇ ನಕಲು ಮಾಡಿದರೆ ಮಾರಿದ ದುಡ್ಡೆಲ್ಲ ಲಾಭ ಅಂತ ಆಗುತ್ತದೆ. ಸಂಬಳವಾಗಿ ಒಂದು ಸಲ ತೆರಿಗೆ, ಲಾಭವಾಗಿ ಇನ್ನೊಂದು ಸಲ.

ನನಗೆ ಇದು ಆಗಿದೆ. ಆ ವರ್ಷ ಒಬ್ಬರಿಗೆ ದುಡ್ಡು ಕೊಟ್ಟು ರಿಟರ್ನ್ ಮಾಡಿಸಿದ್ದೆ. ಅವರು 1099-ಬಿಯಲ್ಲಿದ್ದ ಸೊನ್ನೆಯನ್ನೇ ಹಾಕಿದ್ದರು. ನಾನೂ ನೋಡದೆ ಸಹಿ ಮಾಡಿದ್ದೆ. ಮುಂದಿನ ವರ್ಷ ನಾನೇ ಲೆಕ್ಕ ಮಾಡಲು ಕೂತಾಗ ಗೊತ್ತಾಗಿ ಹೊಟ್ಟೆ ಉರಿಯಿತು. 1040-ಎಕ್ಸ್ ಹಾಕಿ ತಿದ್ದಿಸಿದೆ, ತಿಂಗಳುಗಟ್ಟಲೆ ಕಾದ ಮೇಲೆ ದುಡ್ಡು ವಾಪಸ್ ಬಂತು. ರಿಟರ್ನ್ ಹಾಕಿದ ದಿನದಿಂದ ಸಾಮಾನ್ಯವಾಗಿ ಮೂರು ವರ್ಷದವರೆಗೆ ಹೀಗೆ ತಿದ್ದಿ ರೀಫಂಡ್ ಕೇಳಬಹುದು. ಹಾಗಾಗಿ ನಿಮ್ಮ ಹಳೆಯ ರಿಟರ್ನ್‌ಗಳನ್ನೂ ಒಮ್ಮೆ ತೆಗೆದು ನೋಡಿ.

ಸರಿಯಾದ ದಾರಿ ಹೀಗಿದೆ. ಬ್ರೋಕರ್ ಸೈಟಿನಲ್ಲಿ 1099-ಬಿ ಜೊತೆಗೆ ಸಪ್ಲಿಮೆಂಟಲ್ ಅನ್ನುವ ಇನ್ನೊಂದು ಕಾಗದ ಇರುತ್ತದೆ. ಷೇರು ಕೈಗೆ ಬಂದ ದಿನದ ಬೆಲೆ ಅದರಲ್ಲಿ ಸಿಗುತ್ತದೆ. ಷೇರು ಮಾರಾಟ ತೋರಿಸುವ ಫಾರ್ಮ್ 8949ರಲ್ಲಿ, ಬ್ರೋಕರ್ ಹೇಳಿದ ಬೇಸಿಸ್ ತಪ್ಪಿದ್ದರೆ "ಬಿ" ಅನ್ನುವ ಕೋಡ್ ಹಾಕಿ, ಜಿ ಕಾಲಮ್ಮಿನಲ್ಲಿ ವ್ಯತ್ಯಾಸ ತೋರಿಸಿ. ಸಾಫ್ಟ್‌ವೇರಿನಲ್ಲಾದರೆ "ಬೇಸಿಸ್ ಸರಿಯಿಲ್ಲ" ಅನ್ನುವ ಆಯ್ಕೆ ಒತ್ತಿದರೆ ಅದೇ ಮಾಡುತ್ತದೆ.

ಇದರ ಜೊತೆಗೇ ಇನ್ನೊಂದು ಮಾತು. ಆರ್‌ಎಸ್‌ಯು ಬಂದಾಗ ಕಂಪನಿ ಸಾಮಾನ್ಯವಾಗಿ 22% ಮಾತ್ರ ಫೆಡರಲ್ ತೆರಿಗೆ ಹಿಡಿಯುತ್ತದೆ. ನೀವು 24% ಅಥವಾ 32% ಮಟ್ಟದಲ್ಲಿದ್ದರೆ ಬಾಕಿ ಏಪ್ರಿಲ್‌ನಲ್ಲಿ ನಿಮ್ಮ ಕೈಯಿಂದ ಹೋಗುತ್ತದೆ. ಆ ದುಡ್ಡನ್ನು ಮೊದಲೇ ಎತ್ತಿಡಿ.

ಊರಿನ ಆದಾಯ

"ಎನ್‌ಆರ್‌ಇ ಎಫ್‌ಡಿಗೆ ಟ್ಯಾಕ್ಸ್ ಇಲ್ಲ" ಅಂತ ಬ್ಯಾಂಕಿನವರು ಹೇಳುತ್ತಾರೆ. ಎನ್‌ಆರ್‌ಇ ಅಂದರೆ ಹೊರದೇಶದ ಗಳಿಕೆಯನ್ನು ಭಾರತದಲ್ಲಿ ಇಡುವ ಖಾತೆ. ಬ್ಯಾಂಕಿನವರು ಹೇಳುವುದು ಭಾರತದ ಮಾತು, ಮತ್ತು ಅದು ನಿಜ. ಅಮೆರಿಕದಲ್ಲಿ ಆ ಬಡ್ಡಿ ಪೂರ್ತಿ ಆದಾಯ. ಭಾರತದಲ್ಲಿ ತೆರಿಗೆ ಕಟ್ಟಿಲ್ಲವಾದ್ದರಿಂದ ಕಳೆಯಲು ಫಾರಿನ್ ಟ್ಯಾಕ್ಸ್ ಕ್ರೆಡಿಟ್ (ಹೊರದೇಶದಲ್ಲಿ ಕಟ್ಟಿದ ತೆರಿಗೆಗೆ ಇಲ್ಲಿ ಸಿಗುವ ಕಡಿತ) ಕೂಡ ಇಲ್ಲ. ಎಫ್‌ಡಿ ಮುರಿಯದಿದ್ದರೂ, ಬಡ್ಡಿ ಅಲ್ಲೇ ಖಾತೆಗೆ ಸೇರುತ್ತಿದ್ದರೂ, ದುಡ್ಡು ಇಲ್ಲಿಗೆ ತರದಿದ್ದರೂ ತೋರಿಸಬೇಕು.

ಎನ್‌ಆರ್‌ಒ, ಅಂದರೆ ಭಾರತದಲ್ಲೇ ಬಂದ ಆದಾಯ ಇಡುವ ಖಾತೆಯ ಬಡ್ಡಿಯ ಕಥೆ ಬೇರೆ. ಅದರಲ್ಲಿ ಬ್ಯಾಂಕ್ 30%ಗೂ ಮೇಲೆ ಟಿಡಿಎಸ್ ಹಿಡಿಯುತ್ತದೆ. ಇದಕ್ಕೆ ಇಲ್ಲಿ ಫಾರ್ಮ್ 1116ರಲ್ಲಿ ಕ್ರೆಡಿಟ್ ಕೇಳಬಹುದು, ಆದರೆ ಹಿಡಿದಷ್ಟೂ ಸಿಗುತ್ತದೆ ಅಂದುಕೊಳ್ಳಬೇಡಿ. ಒಪ್ಪಂದದ ಪ್ರಕಾರ ಎಫ್‌ಡಿಯಂಥ ಬಡ್ಡಿಗೆ ಭಾರತದ ಪಾಲು 15% ಮಾತ್ರ. ಅದಕ್ಕಿಂತ ಜಾಸ್ತಿ ಹಿಡಿದದ್ದನ್ನು ಭಾರತದಲ್ಲಿ ರಿಟರ್ನ್ ಹಾಕಿ ಅಲ್ಲಿಂದಲೇ ವಾಪಸ್ ಕೇಳಬೇಕು.

ಎಲ್ಲರೂ ಎಡವುವ ಇನ್ನೊಂದು ಕಡೆ ಅಂದರೆ ವರ್ಷದ ಲೆಕ್ಕ. ಊರಿನ ಬ್ಯಾಂಕ್ ಕೊಡುವ ಬಡ್ಡಿ ಸರ್ಟಿಫಿಕೇಟ್ ಏಪ್ರಿಲ್‌ನಿಂದ ಮಾರ್ಚ್‌ಗೆ. ಇಲ್ಲಿ ಬೇಕಾಗಿರುವುದು ಜನವರಿಯಿಂದ ಡಿಸೆಂಬರ್‌ಗೆ. ಸರ್ಟಿಫಿಕೇಟ್ ಪಕ್ಕಕ್ಕಿಟ್ಟು ಸ್ಟೇಟ್‌ಮೆಂಟ್ ಡೌನ್‌ಲೋಡ್ ಮಾಡಿ, ಬಡ್ಡಿ ಬಿದ್ದ ಸಾಲುಗಳನ್ನು ಹುಡುಕಿ ಕೂಡಿಸಿ. ಆ ವರ್ಷದ ಸರಾಸರಿ ವಿನಿಮಯ ದರದಲ್ಲಿ ಡಾಲರಿಗೆ ಬದಲಿಸಿ. ಅಮೆರಿಕದ ತೆರಿಗೆ ಇಲಾಖೆ ಐಆರ್‌ಎಸ್‌ನ ಸೈಟಿನಲ್ಲೇ ವರ್ಷವಾರು ದರ ಇರುತ್ತದೆ.

ಬೆಂಗಳೂರಿನ ಫ್ಲ್ಯಾಟ್ ಬಾಡಿಗೆಗೆ ಕೊಟ್ಟಿದ್ದರೆ ಅದು ಶೆಡ್ಯೂಲ್ ಇ ಅನ್ನುವ ಬಾಡಿಗೆ ಆದಾಯದ ಹಾಳೆಯಲ್ಲಿ ಬರುತ್ತದೆ. ಭಾರತದಲ್ಲಿ ಬಾಡಿಗೆಯಿಂದ 30% ಸುಮ್ನೆ ಕಳೆಯುವ ಸೌಲಭ್ಯ ಇದೆ, ಇಲ್ಲಿ ಇಲ್ಲ. ಬದಲಿಗೆ ನಿಜವಾದ ಖರ್ಚು ಕಳೆಯಬಹುದು: ಅಪಾರ್ಟ್‌ಮೆಂಟಿನ ಮೇಂಟೆನೆನ್ಸ್, ರಿಪೇರಿ, ಆಸ್ತಿ ತೆರಿಗೆ, ಹೋಮ್ ಲೋನಿನ ಬಡ್ಡಿ. ಜೊತೆಗೆ ಸವಕಳಿ. ವಿದೇಶದಲ್ಲಿರುವ ವಾಸದ ಮನೆಗೆ, 2018ರಿಂದ ಈಚೆಗೆ ಬಾಡಿಗೆಗೆ ಕೊಟ್ಟಿದ್ದಾದರೆ, ಜಾಗದ ಬೆಲೆ ಬಿಟ್ಟು ಕಟ್ಟಡದ ಬೆಲೆಯನ್ನು 30 ವರ್ಷಕ್ಕೆ ಹಂಚುತ್ತಾರೆ. ತುಂಬಾ ಜನ ಇದನ್ನು ತೋರಿಸುವುದೇ ಇಲ್ಲ. ತೋರಿಸದಿದ್ದರೂ ಮನೆ ಮಾರುವಾಗ ತೋರಿಸಿದ್ದೀರಿ ಅಂತಲೇ ಲೆಕ್ಕ ಹಾಕುತ್ತಾರೆ, ಹಾಗಾಗಿ ಪ್ರತಿ ವರ್ಷ ಕಳೆಯಿರಿ.

ಮ್ಯೂಚುವಲ್ ಫಂಡ್ ಎಸ್‌ಐಪಿ ಊರಲ್ಲಿ ನಡೆಯುತ್ತಿದ್ದರೆ ಎಚ್ಚರ. ಭಾರತದ ಮ್ಯೂಚುವಲ್ ಫಂಡನ್ನು ಐಆರ್‌ಎಸ್ ಪಿಎಫ್‌ಐಸಿ (ಹೂಡಿಕೆಯ ವಿದೇಶಿ ಕಂಪನಿ) ಅನ್ನುವ ಗುಂಪಿಗೆ ಸೇರಿಸುತ್ತದೆ. ಫಂಡಿಗೊಂದು ಫಾರ್ಮ್ 8621, ತೆರಿಗೆಯ ಲೆಕ್ಕವೂ ಬಹಳ ಕಠಿಣ. ಇದನ್ನು ನೀವೇ ಮಾಡಲು ಹೋಗಬೇಡಿ, ಇದನ್ನು ಮಾಡಿ ಗೊತ್ತಿರುವ ಸಿಪಿಎ (ಇಲ್ಲಿನ ಲೆಕ್ಕಪರಿಶೋಧಕ) ಹತ್ತಿರ ಹೋಗಿ. ಹೊಸದಾಗಿ ಬಂದವರಾದರೆ ರೆಸಿಡೆಂಟ್ ಆಗುವ ಮೊದಲೇ ಆ ಫಂಡುಗಳನ್ನು ಏನು ಮಾಡಬೇಕು ಅಂತ ಯೋಚಿಸಿ.

ಅಪ್ಪ ಅಮ್ಮ ಮನೆ ಕೊಳ್ಳಲು ದುಡ್ಡು ಕಳಿಸಿದರೆ ಅದು ನಿಮ್ಮ ಆದಾಯ ಅಲ್ಲ, ತೆರಿಗೆ ಇಲ್ಲ. ಆದರೆ ವರ್ಷದಲ್ಲಿ 1,00,000 ಡಾಲರ್ ದಾಟಿದರೆ ಫಾರ್ಮ್ 3520 ಹಾಕಿ ತಿಳಿಸಬೇಕು.

ಇನ್ನು ಖಾತೆಗಳನ್ನು ತಿಳಿಸುವುದು. ಭಾರತದ ಎಲ್ಲ ಖಾತೆ ಸೇರಿಸಿ ವರ್ಷದ ಯಾವುದೇ ದಿನ 10,000 ಡಾಲರ್ ದಾಟಿದ್ದರೆ ಎಫ್‌ಬಾರ್ ಅನ್ನುವ ವಿದೇಶಿ ಖಾತೆಗಳ ವರದಿ ಹಾಕಬೇಕು. ಇದು ರಿಟರ್ನ್ ಜೊತೆ ಹೋಗುವುದಿಲ್ಲ, ಫಿನ್‌ಸೆನ್ ಅನ್ನುವ ಸರ್ಕಾರಿ ಸಂಸ್ಥೆಯ ಸೈಟಿನಲ್ಲಿ ಬೇರೆಯಾಗಿ ಹಾಕುವುದು. ಅಪ್ಪನ ಎಫ್‌ಡಿಯಲ್ಲಿ ನಿಮ್ಮ ಹೆಸರು ಎರಡನೆಯದಾಗಿ ಇದ್ದರೂ ಆ ಖಾತೆ ಲೆಕ್ಕಕ್ಕೆ ಬರುತ್ತದೆ. ನನ್ನ ಗೆಳೆಯನೊಬ್ಬನಿಗೆ ಇದು ಗೊತ್ತಾದದ್ದು ನಾಲ್ಕು ವರ್ಷದ ಮೇಲೆ. ನಿಮ್ಮ ಹೆಸರು ಎಲ್ಲೆಲ್ಲಿ ಇದೆ ಅಂತ ಮನೆಗೆ ಫೋನ್ ಮಾಡಿ ಕೇಳಿ, ಅವರಿಗೆ ನೆನಪಿರುತ್ತದೆ. ಗಂಡ ಹೆಂಡತಿ ಜಂಟಿಯಾಗಿ ರಿಟರ್ನ್ ಹಾಕುವವರ ವಿದೇಶದ ಹಣ ವರ್ಷದ ಕೊನೆಯ ದಿನ 1,00,000 ಡಾಲರ್ ಅಥವಾ ಮಧ್ಯೆ ಯಾವತ್ತಾದರೂ 1,50,000 ಡಾಲರ್ ದಾಟಿದ್ದರೆ ರಿಟರ್ನ್ ಜೊತೆ ಫಾರ್ಮ್ 8938 ಕೂಡ ಬೇಕು. ಒಂಟಿಯಾಗಿ ಹಾಕುವವರಿಗೆ ಇದರ ಅರ್ಧ.

ಮೊದಲ ಕಡಿತ: ಎಜಿಐ

ಎಲ್ಲ ಆದಾಯ ಕೂಡಿಸಿದರೆ 1040ರ 9ನೇ ಸಾಲು. ಅದರಿಂದ ಕೆಲವು ಖರ್ಚು ಕಳೆದರೆ 11ಎ ಸಾಲಿನ ಎಜಿಐ (ಹೊಂದಿಸಿದ ಒಟ್ಟು ಆದಾಯ). ಈ ಕಡಿತಗಳು ಮನೆ ಇರಲಿ ಬಿಡಲಿ ಎಲ್ಲರಿಗೂ ಸಿಗುತ್ತವೆ, ಅದಕ್ಕೇ ಇವನ್ನು ಬಿಡಬಾರದು. ಸಂಬಳದ ಮೂಲಕ ಅಲ್ಲದೆ ನೀವೇ ನೇರವಾಗಿ ಎಚ್‌ಎಸ್‌ಎಗೆ ಹಾಕಿದ ದುಡ್ಡು ಇಲ್ಲಿ ಕಳೆಯುತ್ತದೆ. ಅದಕ್ಕೆ ಹೈ ಡಿಡಕ್ಟಿಬಲ್, ಅಂದರೆ ಮೊದಲ ದೊಡ್ಡ ಮೊತ್ತ ನೀವೇ ಕೊಡಬೇಕಾದ, ಇನ್ಶೂರೆನ್ಸ್ ಇರಬೇಕು. 2025ಕ್ಕೆ ಮಿತಿ ಒಬ್ಬರಿಗೆ 4,300, ಕುಟುಂಬಕ್ಕೆ 8,550 ಡಾಲರ್, ಆಫೀಸಿನವರು ಹಾಕಿದ್ದೂ ಸೇರಿ. ಏಪ್ರಿಲ್ 15ರವರೆಗೂ ಹಿಂದಿನ ವರ್ಷಕ್ಕೆ ಹಾಕಬಹುದು.

ಎಜುಕೇಶನ್ ಲೋನ್ ಬಡ್ಡಿ 2,500 ಡಾಲರ್‌ವರೆಗೆ ಕಳೆಯುತ್ತದೆ. ಊರಿನ ಬ್ಯಾಂಕಿನಿಂದ ಸಾಲ ತೆಗೆದು ಇಲ್ಲಿ ಎಂಎಸ್ ಮಾಡಿದವರಿಗೂ ಇದು ಸಿಗುತ್ತದೆ! ಸಾಲ ನಿಮ್ಮ ಹೆಸರಿನಲ್ಲಿರಬೇಕು, ಓದಿಗಾಗಿಯೇ ತೆಗೆದಿರಬೇಕು, ಅಷ್ಟೆ. ಊರಿನ ಬ್ಯಾಂಕ್ 1098-ಇ ಅನ್ನುವ ಬಡ್ಡಿ ಫಾರ್ಮ್ ಕಳಿಸುವುದಿಲ್ಲ, ಸಾಲದ ಸ್ಟೇಟ್‌ಮೆಂಟಿನಿಂದ ಬಡ್ಡಿ ಬೇರೆ ಮಾಡಿ ಹಾಕಿ. ಆದಾಯ ಒಂಟಿಯವರಿಗೆ 85,000, ಜಂಟಿಯವರಿಗೆ 1,70,000 ಡಾಲರ್ ದಾಟಿದ ಮೇಲೆ ಇದು ಕರಗುತ್ತಾ ಹೋಗುತ್ತದೆ.

ಎರಡನೇ ಕಡಿತ: ಸ್ಟ್ಯಾಂಡರ್ಡ್ ಅಥವಾ ಐಟಮೈಜ್ಡ್

ಎಲ್ಲರೂ ಕೇಳುವ "ಡಿಡಕ್ಷನ್" ಇದು, ಮತ್ತು ಇದು ಒಂದೇ ಹೋಲಿಕೆ. ಸ್ಟ್ಯಾಂಡರ್ಡ್ ಡಿಡಕ್ಷನ್ 2025ಕ್ಕೆ ಒಂಟಿಯವರಿಗೆ 15,750, ಜಂಟಿಯಾಗಿ ಹಾಕುವ ದಂಪತಿಗೆ 31,500 ಡಾಲರ್. ನಿಮ್ಮ ಶೆಡ್ಯೂಲ್ ಎ ಖರ್ಚು, ಅಂದರೆ ಐಟಮೈಜ್ಡ್‌ನಲ್ಲಿ ಒಂದೊಂದಾಗಿ ಬರೆದು ತೋರಿಸುವ ಖರ್ಚು, ಅದಕ್ಕಿಂತ ಜಾಸ್ತಿ ಇದ್ದರೆ ಮಾತ್ರ ಚೀಟಿ ಕೂಡಿಸಿ. ಬಾಡಿಗೆ ಮನೆಯಲ್ಲಿರುವವರು ಸಾಮಾನ್ಯವಾಗಿ ಅಲ್ಲಿಗೆ ಮುಟ್ಟುವುದಿಲ್ಲ. ಸ್ಟ್ಯಾಂಡರ್ಡ್ ತೆಗೆದುಕೊಂಡು ಮುಂದೆ ಹೋಗಿ.

ಮನೆ ಇದ್ದವರು ಈ ಸಲ ಮತ್ತೆ ಲೆಕ್ಕ ಹಾಕಲೇಬೇಕು. 2025ರ ಜುಲೈಯಲ್ಲಿ ಬಂದ ಕಾನೂನು ರಾಜ್ಯದ ತೆರಿಗೆ ಮತ್ತು ಆಸ್ತಿ ತೆರಿಗೆಯ ಮಿತಿಯನ್ನು 10,000ದಿಂದ 40,000 ಡಾಲರಿಗೆ ಏರಿಸಿತು. ಆದಾಯ 5,00,000 ಡಾಲರ್ ದಾಟಿದವರಿಗೆ ಈ ಮಿತಿ ಇಳಿಯುತ್ತದೆ. ನ್ಯೂಜೆರ್ಸಿ, ಕ್ಯಾಲಿಫೋರ್ನಿಯಾದಲ್ಲಿರುವವರಿಗೆ ಇದು ದೊಡ್ಡ ಬದಲಾವಣೆ.

ಒಂದು ಕುಟುಂಬದ ಲೆಕ್ಕ ನೋಡೋಣ. ಗಂಡ, ಹೆಂಡತಿ, ಇಲ್ಲೇ ಹುಟ್ಟಿದ ಒಂದು ಮಗು. ಆರ್‌ಎಸ್‌ಯು ಸೇರಿ ಡಬ್ಲ್ಯೂ-2ರ ಒಂದನೇ ಬಾಕ್ಸಿನಲ್ಲಿ 1,40,000 ಡಾಲರ್. ಇಲ್ಲಿನ ಬ್ಯಾಂಕಿನ ಬಡ್ಡಿ 1,200. ಊರಿನ ಎನ್‌ಆರ್‌ಇ ಬಡ್ಡಿ 3,40,000 ರೂಪಾಯಿ, ಲೆಕ್ಕ ಸುಲಭವಾಗಲಿ ಅಂತ ಡಾಲರಿಗೆ 85 ರೂಪಾಯಿ ಅಂದುಕೊಂಡರೆ 4,000 ಡಾಲರ್. ಆರ್‌ಎಸ್‌ಯು ಷೇರು 20,300ಕ್ಕೆ ಮಾರಿದ್ದಾರೆ, ಕೈಗೆ ಬಂದ ದಿನದ ಬೆಲೆ 20,000, ಲಾಭ 300. ಒಟ್ಟು 1,45,500. ಎಚ್‌ಎಸ್‌ಎಗೆ ನೇರವಾಗಿ ಹಾಕಿದ 3,000 ಕಳೆದರೆ ಎಜಿಐ 1,42,500.

ಇವರ ಶೆಡ್ಯೂಲ್ ಎ: ರಾಜ್ಯದ ಆದಾಯ ತೆರಿಗೆ 7,000, ಮನೆಯ ಆಸ್ತಿ ತೆರಿಗೆ 8,500, ಮಾರ್ಟ್‌ಗೇಜ್ ಬಡ್ಡಿ 18,000, ದಾನ 1,000. ಒಟ್ಟು 34,500. ಸ್ಟ್ಯಾಂಡರ್ಡ್‌ಗಿಂತ 3,000 ಜಾಸ್ತಿ, ಇದನ್ನೇ ಆರಿಸಬೇಕು. ಇದೇ ಖರ್ಚು 2024ರಲ್ಲಿ ಆಗಿದ್ದರೆ ತೆರಿಗೆಗಳ ಪಾಲು 10,000ಕ್ಕೆ ನಿಂತು ಒಟ್ಟು 29,000 ಆಗುತ್ತಿತ್ತು. ಆ ವರ್ಷದ ಸ್ಟ್ಯಾಂಡರ್ಡ್ 29,200. "ನಾವು ಯಾವಾಗಲೂ ಸ್ಟ್ಯಾಂಡರ್ಡೇ" ಅನ್ನುವವರು ಈ ಸಲ ಯಾಕೆ ಮತ್ತೆ ನೋಡಬೇಕು ಅನ್ನುವುದು ಇದರಲ್ಲೇ ಕಾಣುತ್ತದೆ.

ತೆರಿಗೆಗೆ ಬರುವ ಆದಾಯ 1,08,000. ಮೊದಲ 23,850ಕ್ಕೆ 10%, ಅಲ್ಲಿಂದ 96,950ವರೆಗೆ 12%, ಉಳಿದ 11,050ಕ್ಕೆ 22%. ಒಟ್ಟು 13,588 ಡಾಲರ್. ಸ್ಟ್ಯಾಂಡರ್ಡ್ ಆರಿಸಿದ್ದರೆ 14,248, ಅಂದರೆ 660 ಡಾಲರ್ ಉಳಿಯಿತು. ಈಗ ಇದರ ಪಕ್ಕದಲ್ಲಿ ಇನ್ನೊಂದು ಅಂಕಿ ಇಡಿ: ಅದೇ ಆರ್‌ಎಸ್‌ಯು ಬೇಸಿಸ್ ಸೊನ್ನೆ ಅಂತ ಹಾಕಿದ್ದರೆ 20,000 ಡಾಲರ್ ಜಾಸ್ತಿ ಆದಾಯ, 22%ನಲ್ಲಿ 4,400 ಡಾಲರ್ ಸುಮ್ನೆ ಹೋಗುತ್ತಿತ್ತು.

ದಾನದ ಬಗ್ಗೆ. 501(ಸಿ)(3) ಅನ್ನುವ ಲಾಭರಹಿತ ಮಾನ್ಯತೆ ಇರುವ ಅಮೆರಿಕದ ಸಂಸ್ಥೆಗೆ ಕೊಟ್ಟದ್ದು ಮಾತ್ರ ಕಳೆಯುತ್ತದೆ. ಊರಿನ ದೇವಸ್ಥಾನಕ್ಕೋ ಮಠಕ್ಕೋ ನೇರವಾಗಿ ಕಳಿಸಿದ್ದು ಎಷ್ಟೇ ಒಳ್ಳೆಯ ಕೆಲಸಕ್ಕಾದರೂ ಇಲ್ಲಿ ಲೆಕ್ಕಕ್ಕಿಲ್ಲ. ಕನ್ನಡ ಕೂಟದ ರಾಜ್ಯೋತ್ಸವಕ್ಕೆ ಊಟ ಸೇರಿ ಟಿಕೆಟ್ ಕೊಂಡರೆ, ಊಟ ಮತ್ತು ಕಾರ್ಯಕ್ರಮದ ಬೆಲೆ ಬಿಟ್ಟು ಮೇಲೆ ಕೊಟ್ಟದ್ದಷ್ಟೇ ದಾನ. ಒಂದೇ ಸಲಕ್ಕೆ 250 ಡಾಲರ್ ಅಥವಾ ಹೆಚ್ಚು ಕೊಟ್ಟಿದ್ದರೆ ಸಂಸ್ಥೆಯಿಂದ ಪತ್ರ ತೆಗೆದಿಟ್ಟುಕೊಳ್ಳಿ.

ಆಸ್ಪತ್ರೆ ಖರ್ಚು ಎಜಿಐನ 7.5% ದಾಟಿದ ಮೇಲಿನದ್ದು ಮಾತ್ರ. ಮೇಲಿನ ಕುಟುಂಬಕ್ಕೆ ಸುಮಾರು 10,687 ಡಾಲರ್ ದಾಟಬೇಕು. ನೋಡಲು ಬಂದ ಅಪ್ಪ ಅಮ್ಮನ ವಿಸಿಟರ್ ಇನ್ಶೂರೆನ್ಸ್, ಆಸ್ಪತ್ರೆ ಬಿಲ್ಲು ಇದರಲ್ಲಿ ಸೇರುವುದಿಲ್ಲ. ಅಮೆರಿಕದ ನಾಗರಿಕರಲ್ಲದ, ಭಾರತದಲ್ಲೇ ವಾಸಿಸುವ ತಂದೆ ತಾಯಿ ಇಲ್ಲಿ ಡಿಪೆಂಡೆಂಟ್ ಆಗುವುದಿಲ್ಲ. ಅವರ ಪೂರ್ತಿ ಖರ್ಚು ನೋಡಿಕೊಳ್ಳುವವರಿಗೆ ಇದು ಅನ್ಯಾಯ ಅನ್ನಿಸುತ್ತದೆ, ನನಗೂ ಅನ್ನಿಸುತ್ತದೆ. ಆದರೆ ನಿಯಮ ಹಾಗಿದೆ.

2025ರಿಂದ ಹೊಸದಾಗಿ, ಸ್ಟ್ಯಾಂಡರ್ಡ್ ತೆಗೆದುಕೊಂಡವರಿಗೂ ಕಾರ್ ಲೋನ್ ಬಡ್ಡಿ ಕಳೆಯುವ ಅವಕಾಶ ಬಂದಿದೆ, 10,000 ಡಾಲರ್‌ವರೆಗೆ. ಕಾರು ಹೊಸದಾಗಿರಬೇಕು, ಕೊನೆಯ ಜೋಡಣೆ ಅಮೆರಿಕದಲ್ಲೇ ಆಗಿರಬೇಕು, ಸಾಲ 2025ರಲ್ಲಿ ಅಥವಾ ಆಮೇಲೆ ತೆಗೆದಿರಬೇಕು. ಆದಾಯ ಒಂಟಿಯವರಿಗೆ 1,00,000, ಜಂಟಿಯವರಿಗೆ 2,00,000 ಡಾಲರ್ ದಾಟಿದರೆ ಕಡಿಮೆಯಾಗುತ್ತದೆ.

ಕ್ರೆಡಿಟ್ ಬೇರೆ

ಡಿಡಕ್ಷನ್ ಆದಾಯದಿಂದ ಕಳೆಯುತ್ತದೆ, ಕ್ರೆಡಿಟ್ ತೆರಿಗೆಯಿಂದಲೇ ಕಳೆಯುತ್ತದೆ. ಸೋಷಿಯಲ್ ಸೆಕ್ಯುರಿಟಿ ನಂಬರ್ ಇರುವ, 17 ತುಂಬದ ಮಗುವಿಗೆ 2025ರಲ್ಲಿ 2,200 ಡಾಲರ್. ನಮ್ಮ ಕುಟುಂಬದ 13,588 ಇಲ್ಲಿ 11,388ಕ್ಕೆ ಇಳಿಯುತ್ತದೆ. ಮಗು ಎಚ್‌-4ರಲ್ಲಿದ್ದು (ಎಚ್‌-1ಬಿಯವರ ಕುಟುಂಬದ ವೀಸಾ) ಐಟಿಐಎನ್ (ಸೋಷಿಯಲ್ ಸೆಕ್ಯುರಿಟಿ ನಂಬರ್ ಸಿಗದವರಿಗೆ ಐಆರ್‌ಎಸ್ ಕೊಡುವ ತೆರಿಗೆ ನಂಬರ್) ಮಾತ್ರ ಇದ್ದರೆ 500 ಡಾಲರಿನ ಬೇರೆ ಕ್ರೆಡಿಟ್. ಸಂಗಾತಿಗೆ ನಂಬರ್ ಇಲ್ಲದಿದ್ದರೆ ರಿಟರ್ನ್ ಜೊತೆಗೇ ಫಾರ್ಮ್ ಡಬ್ಲ್ಯೂ-7 ಕಳಿಸಿ ಐಟಿಐಎನ್ ಕೇಳಬಹುದು. ಒಂಟಿಯಾಗಿ ಹಾಕಬೇಡಿ, ಮದುವೆಯಾದವರು ಸಿಂಗಲ್ ಅಂತ ಹಾಕುವಂತೆಯೇ ಇಲ್ಲ.

ಕಾಗದ ಬರದಿದ್ದರೆ

ಊರಿನ ಟಿಡಿಎಸ್ ವಿವರ ಫಾರ್ಮ್ 26ಎಎಸ್‌ನಲ್ಲಿ ಪೂರ್ತಿಯಾಗಿ ಕಾಣುವುದಕ್ಕೆ ಎಷ್ಟೋ ಸಲ ಜೂನ್ ಆಗುತ್ತದೆ. ಏಪ್ರಿಲ್‌ನಲ್ಲಿ ಅಂದಾಜಿನ ಮೇಲೆ ಫಾರ್ಮ್ 1116 ತುಂಬಬೇಡಿ. ಫಾರ್ಮ್ 4868 ಹಾಕಿದರೆ ಅಕ್ಟೋಬರ್ 15ರವರೆಗೆ ಸಮಯ ಸಿಗುತ್ತದೆ, ಕಾರಣ ಹೇಳಬೇಕಾಗಿಲ್ಲ. ಆದರೆ ಸಮಯ ಸಿಗುವುದು ಕಾಗದಕ್ಕೆ, ದುಡ್ಡಿಗಲ್ಲ. ಬಾಕಿ ಎಷ್ಟು ಬರಬಹುದು ಅಂತ ಲೆಕ್ಕ ಹಾಕಿ ಏಪ್ರಿಲ್ 15ರೊಳಗೆ ಕಟ್ಟಿಬಿಡಿ. ಐಆರ್‌ಎಸ್‌ನ ಡೈರೆಕ್ಟ್ ಪೇಯಲ್ಲಿ ಕಟ್ಟುವಾಗ ಕಾರಣದ ಜಾಗದಲ್ಲಿ ಎಕ್ಸ್‌ಟೆನ್ಷನ್ ಅಂತ ಆರಿಸಿದರೆ 4868 ಬೇರೆಯಾಗಿ ಹಾಕುವುದೂ ಬೇಡ. ಕಟ್ಟಿದ ರಸೀದಿಯನ್ನು ಮಾತ್ರ ಉಳಿಸಿಕೊಳ್ಳಿ, ಅಕ್ಟೋಬರ್‌ನಲ್ಲಿ ರಿಟರ್ನ್ ಹಾಕುವಾಗ ಆ ಅಂಕಿ ಬೇಕಾಗುತ್ತದೆ.